ಒತ್ತೆಯ ಲಿಂಗ

ಅರಕಲಗೂಡು ಪೇಟೆಯ ನೀಲಾಂಬಿಕೆಯನ್ನು ಎಲ್ಲರೂ ನೀಲಮ್ಮ ಎಂದೇ ಕರೆಯುತ್ತಿದ್ದರು. ದಿನಾ ಬೆಳಿಗ್ಗೆ ಮಿಂದು ಬಂದು ಅವಳು ಒಂದಲ್ಲ, ಎರಡು ಪೂಜೆಗೆ ಕೂರುತ್ತಿದ್ದಳು. ಮೊದಲು ತನ್ನ ಕೊರಳ ಲಿಂಗವನ್ನು ಎಡಗೈ ಮೇಲಿಟ್ಟುಕೊಂಡು ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ ಮತ್ತೆ ಕಟ್ಟಿಕೊಳ್ಳುವುದು. ಆಮೇಲೆ ಗೂಡಿನಿಂದ ಬೆಳ್ಳಿಯ ಕರಡಿಗೆ ತೆಗೆದು, ಅದರೊಳಗಿನ ಇನ್ನೊಂದು ಲಿಂಗಕ್ಕೂ ಅದೇ ಉಪಚಾರ. ಅದು ಗಂಡ ಪರಮಶಿವಯ್ಯನದು.

ಬದುಕಿರುವ ಗಂಡಸಿನ ಲಿಂಗ ಹೆಂಡತಿಯ ಗೂಡಿನಲ್ಲಿರುವುದುಂಟೆ? ಆ ಕೇರಿಯಲ್ಲಿ ಯಾರನ್ನು ಕೇಳಿದ್ದರೂ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಕೂಸಿಗೆ ಕಟ್ಟಿದ ಲಿಂಗ ಕೊನೆಗೆ ಮಣ್ಣಿಗಿಡುವಾಗಲೂ ಅವನ ಎಡಗೈಯಲ್ಲೇ ಇರಬೇಕು. ನಡುವೆ ಮೈಬಿಟ್ಟು ಅಗಲಿದರೆ ಅಂಥವನು ಬದುಕಿದ್ದೂ ಸತ್ತಂತೆ ಎನ್ನುವ ಜನ ಅವರು. ಇದೆಲ್ಲ ನೀಲಮ್ಮನಿಗೆ ಗೊತ್ತಿರಲಿಲ್ಲವೆ? ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮಾಡಿದಳು.

ಪರಮಶಿವಯ್ಯ ಬೆಲ್ಲ, ಕೊಬ್ಬರಿ, ಮೆಣಸಿನಕಾಯಿ ತೂಗುವ ಅಂಗಡಿಯವನು. ಅಣ್ಣತಮ್ಮಂದಿರು ಪಾಲಾದಾಗ ಅಂಗಡಿ ಅಣ್ಣನ ಕಡೆಗೆ ಹೋಯಿತು, ಇವನ ಪಾಲಿಗೆ ತಕ್ಕಡಿ ಮತ್ತು ತೂಕದ ಕಲ್ಲುಗಳು ಬಂದವು. ತಕ್ಕಡಿ ಬೇಯಿಸಿಕೊಂಡು ತಿನ್ನಲಾದೀತೆ? ಅಷ್ಟರಲ್ಲಿ ಯುದ್ಧ ಹತ್ತಿಕೊಂಡಿತು. ಹಾಸನದಲ್ಲಿ ಪಲ್ಟನ್ನಿಗೆ ಜನ ಸೇರಿಸುತ್ತಿದ್ದವರು, 'ನಿಮಗೆ ಬಂದೂಕು ಬೇಡ ಅಯ್ನೋರೆ, ಗೋದಾಮಿನಲ್ಲಿ ಅಕ್ಕಿಬೇಳೆ ತೂಗಿಕೊಂಡಿರಿ' ಅಂದರು. ಅವನು ಹೂಂ ಅಂದುಬಿಟ್ಟ.

ಹೊರಡುವ ದಿನ ಬಾಗಿಲಲ್ಲಿ ನೀಲಮ್ಮ ಅಡ್ಡ ನಿಂತಳು. ಅತ್ತೆ ರೇವಮ್ಮ ಹಿತ್ತಲಲ್ಲಿದ್ದರು.

'ಅದನ್ನ ಇಲ್ಲೇ ಕೊಟ್ಟೋಗಿ' ಅಂದಳು.

'ಯಾವುದನ್ನೇ?'

ಅವಳು ಅವನ ಎದೆಯ ಮೇಲಿನ ಕರಡಿಗೆ ತೋರಿಸಿದಳು. ಪರಮಶಿವಯ್ಯ ಬೆಪ್ಪಾದ. 'ತಲೆ ನೆಟ್ಟಗಿದೆಯಾ ನಿನಗೆ? ಲಿಂಗ ಇಲ್ದೆ ನೀರು ಗಂಟಲಲ್ಲಿ ಇಳಿಯುತ್ತಾ?'

'ಅಲ್ಲಿ ಕಂಡಕಂಡದ್ದು ಬೇಯಿಸ್ತಾರೆ. ಮೈಲಿಗೆ ಆಯ್ತದೆ. ಹಡಗಿನಾಗೆ ಬಿದ್ದುಹೋದ್ರೆ? ನಾನು ಪೂಜೆ ಮಾಡ್ಕೊಂಡಿರ್ತೀನಿ. ಬಂದು ತಗಳಿ.'

ಮೈಲಿಗೆಯ ಮಾತು ಬರೀ ನೆಪ. ಲಿಂಗ ಕೈಯಲ್ಲಿಲ್ಲದೆ ಯಾರೂ ಲಿಂಗೈಕ್ಯರಾಗುವುದಿಲ್ಲ, ಇದು ಅವಳ ಮನಸ್ಸಿನ ಲೆಕ್ಕ. ಲಿಂಗವೇ ತನ್ನ ಹತ್ತಿರ ಇದ್ದರೆ ಇವರು ಸಾಯುವುದು ಹೇಗೆ? ತಗೊಳ್ಳಲಿಕ್ಕಾದರೂ ಬರಲೇಬೇಕಲ್ಲ. ಶಿವನನ್ನೇ ಒತ್ತೆ ಇಟ್ಟುಕೊಳ್ಳಲು ಹೊರಟಿದ್ದಳು ಮಹಾರಾಯ್ತಿ. ಅವಳ ಕಣ್ಣಲ್ಲಿ ನೀರು ಕಂಡಾಗ ಪರಮಶಿವಯ್ಯ ದಾರ ಬಿಚ್ಚಿ ಕರಡಿಗೆಯನ್ನು ಅವಳ ಎಡಗೈಯಲ್ಲಿಟ್ಟ. ಆಮೇಲೆ ಎರಡು ಹೆಜ್ಜೆ ಹೋದವನು ಎದೆ ಮುಟ್ಟಿನೋಡಿಕೊಂಡ. ನೀಲಮ್ಮ ಅದನ್ನು ಕಂಡೂ ಕರೆಯಲಿಲ್ಲ.

ಸಿಂಗಪುರ ಬಿತ್ತು ಎಂಬ ಸುದ್ದಿ ಪೇಟೆಗೆ ಬಂದದ್ದು ನಲವತ್ತೆರಡರ ಶಿವರಾತ್ರಿಯ ಆಸುಪಾಸಿನಲ್ಲಿ. ಪಲ್ಟನ್ನಿನ ಜನವೆಲ್ಲ ಸೆರೆ ಎಂದರು. ಆಮೇಲೆ ಯಾರು ಎಲ್ಲಿದ್ದಾರೆ ಎಂಬುದು ಒಬ್ಬರಿಗೂ ತಿಳಿಯದು. ಅವನ ಸಂಬಳದಿಂದ ಬರುತ್ತಿದ್ದುದೂ ನಿಂತಿತು. ಬರಬರುತ್ತಾ ಮನೆಯಲ್ಲಿ ರಾಗಿ ಅಂಬಲಿಯಾಯಿತು, ಅಂಬಲಿ ನೀರಾಯಿತು. ರೇವಮ್ಮನ ಕಾಲು ಬಾತುಕೊಂಡವು. ಮುದುಕಿ ಒಂದು ದಿನವೂ ಹಸಿವು ಎನ್ನಲಿಲ್ಲ. ಊಟದ ಹೊತ್ತಿಗೆ ಮಲಗಿಬಿಡುತ್ತಿದ್ದರು, ಅಷ್ಟೇ.

ಆಗ ಬಂದವನು ಮಲ್ಲಿಪಟ್ಟಣದ ಸವಾರ್ ನಂಜಪ್ಪ. ಹಿಂದಿನ ದೊಡ್ಡ ಯುದ್ಧದಲ್ಲಿ ಕುದುರೆ ಪಡೆಯಲ್ಲಿದ್ದು, ಮರಳುಗಾಡಿನಲ್ಲಿ ಒಂದು ಕಾಲು ಕುಂಟಾಗಿ ಬಂದ ಒಕ್ಕಲಿಗ. ಬಾಯಿ ಒರಟು, ಕೈ ಧಾರಾಳ. ಪ್ರತಿ ನವೆಂಬರಿನಲ್ಲೂ ಹಾಸನದ ಮೈದಾನದಲ್ಲಿ ಸಿಪಾಯಿಗಳ ನೆನಪಿನ ದಿನ ನಡೆಸುತ್ತಿದ್ದವನು ಅವನೇ. ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯಿಂದಲೂ ಹಳೆಯ ಸಿಪಾಯಿಗಳು ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಸತ್ತವರ ಮನೆಯವರಿಗೆ ರಾಗಿ, ಕಂಬಳಿ, ಹೊಲಿಗೆ ಕೆಲಸ ಕೊಡಿಸಲು ಒಂದು ಕಮಿಟಿಯೂ ಇತ್ತು.

'ಬಾ ತಾಯಿ, ಹೆಂಗಸರ ಸಾಲಿನಾಗೆ ಕೂತ್ಕೊ. ಮಿಕ್ಕಿದ್ದು ನಾನು ನೋಡ್ಕತೀನಿ' ಅಂದ ನಂಜಪ್ಪ.

'ಅದು ಮುಂಡೇರ ಸಾಲಲ್ವಾ ನಂಜಪ್ಪಣ್ಣ?'

ನಂಜಪ್ಪ ತಲೆ ಕೆರೆದುಕೊಂಡ. 'ಕಮಿಟೀಲಿ ಕೂತವ್ರು ಅಂಗೆ ಮಾಡವ್ರೆ. ಸತ್ತೋರ ಮನೆಗುಂಟು, ಕಾಣೆಯಾದೋರ ಮನೆಗಿಲ್ಲ. ನಾನೂ ಜಗಳ ಆಡ್ದೆ ಕಣವ್ವ. ಕರ್ಮ ಮುಗ್ದೈತೆ ಅಂತ ಊರೋರು ಒಂದು ಮಾತು ಹೇಳಿದ್ರೆ ಸಾಕಂತೆ.'

'ಇವ್ರು ಸತ್ತಿಲ್ಲ.'

'ನಿನ್ನ ಬಾಯಿಗೆ ಸಕ್ಕರೆ ಬೀಳ್ಲಿ. ಆದ್ರೆ ಒಳಗೆ ಮಲಗಿರೋ ಮುದುಕಿ ಸಾಯ್ತಾಳೆ ಕಣವ್ವ.'

ಒಬ್ಬರು ಉಣ್ಣಬೇಕಾದರೆ ಇನ್ನೊಬ್ಬರು ಸತ್ತಿರಬೇಕು ಎಂಬ ಕಾನೂನು ಯಾರ ತಲೆಯಲ್ಲಿ ಹುಟ್ಟಿತೋ, ಅವರ ಹೊಟ್ಟೆ ತಣ್ಣಗಿರಲಿ! ಆ ವರ್ಷ ನೀಲಮ್ಮ ಹೋಗಲಿಲ್ಲ. ಮರುವರ್ಷ ದಸರೆಯ ಹೊತ್ತಿಗೆ ರೇವಮ್ಮನಿಗೆ ಎದ್ದು ಕೂರಲೂ ಆಗದಾಯಿತು. ನೀಲಮ್ಮ ಮಠದ ಈಶ್ವರಯ್ಯನವರ ಮುಂದೆ ಹೋಗಿ ನಿಂತಳು. ಗಂಡ ಲಿಂಗವನ್ನು ಬಿಟ್ಟುಹೋದದ್ದು ಹೊರಗಿನವರಿಗೆ ತಿಳಿದದ್ದು ಅವತ್ತೇ.

'ಎಂಥ ಕೆಲಸ ಮಾಡ್ದೆ ಮಗಳೆ' ಅಂದರು ಈಶ್ವರಯ್ಯನವರು. 'ಆಗಲಿ. ದೇಹ ಇಲ್ಲದಿದ್ರೂ ಲಿಂಗ ಇದೆ. ಅದನ್ನೇ ಅವನು ಅಂತ ತಿಳಿದು ಸಮಾಧಿ ಮಾಡೋಣ.'

ರುದ್ರಭೂಮಿಯಲ್ಲಿ, ದೇಹ ಇಲ್ಲದ್ದರಿಂದ, ತೋಳುದ್ದ ಆಳದ ಗುಂಡಿ ತೆಗೆದರು. ಸತ್ತವನನ್ನು ಕೂರಿಸುವಂಥದೇ ಒಂದು ಚಿಕ್ಕ ಗೂಡು ಮಾಡಿ ವಿಭೂತಿ, ಪತ್ರೆ ಹಾಸಿದರು. ನೀಲಮ್ಮ ಬಳೆ ಒಡೆಸಿಕೊಂಡಳು, ಕುಂಕುಮ ಅಳಿಸಿಕೊಂಡಳು, ಬಟ್ಟೆಯಲ್ಲಿ ಸುತ್ತಿದ ಕರಡಿಗೆಯನ್ನು ತಾನೇ ಒಳಗಿಟ್ಟಳು. ಊರೆಲ್ಲ ಅತ್ತಿತು. ಅವಳು ಅಳಲಿಲ್ಲ.

ಅಳುವುದಾದರೂ ಏತಕ್ಕೆ? ಆ ಕರಡಿಗೆಯೊಳಗೆ ಲಿಂಗ ಇರಲೇ ಇಲ್ಲ. ಗಂಡನ ತಕ್ಕಡಿಯ ಎಲ್ಲಕ್ಕಿಂತ ಚಿಕ್ಕ ತೂಕದ ಕಲ್ಲು ಇತ್ತು. ಲಿಂಗ ಅವಳ ಸೊಂಟದಲ್ಲಿ, ಸೀರೆಯ ನೆರಿಗೆಯೊಳಗೆ ಬೆಚ್ಚಗಿತ್ತು. ಕಮಿಟಿಗೆ ಸತ್ತ ಗಂಡ ಬೇಕಿತ್ತು, ಒಬ್ಬನನ್ನು ಮಾಡಿಕೊಟ್ಟಳು. ತನ್ನ ಗಂಡನನ್ನು ಮಾತ್ರ ಕೊಡಲಿಲ್ಲ.

ಆ ನವೆಂಬರಿನಲ್ಲಿ ಅವಳು ಹಾಸನದ ಮೈದಾನದಲ್ಲಿ ಹೆಂಗಸರ ಸಾಲಿನಲ್ಲಿ ಕೂತಳು. ಕಹಳೆ ಊದಿದರು, ಎಲ್ಲರೂ ಎದ್ದು ಮೌನವಾಗಿ ನಿಂತರು. ಆಮೇಲೆ ನಂಜಪ್ಪ ಹಳೆಯ ಖಾಕಿ ಅಂಗಿಯಲ್ಲಿ, ಎದೆಗೆ ಪದಕ ಸಿಕ್ಕಿಸಿಕೊಂಡು ಸತ್ತವರ ಹೆಸರು ಕೂಗಿದ. ಪಲ್ಟನ್ನಿನಲ್ಲಿ ದಿನಾ ಬೆಳಿಗ್ಗೆ ಹಾಜರಿ ಕೂಗುವ ರೀತಿಯಲ್ಲೇ ಕೂಗುವುದು ಅವನ ಪದ್ಧತಿ. ಸತ್ತವನ ಜೊತೆಗಿದ್ದವನು ಯಾರಾದರೂ ಬಂದಿದ್ದರೆ, ಅವನ ಪರವಾಗಿ 'ಹಾಜರ್' ಅನ್ನಬೇಕು. ಯಾರೂ ಇಲ್ಲದಿದ್ದರೆ ನಂಜಪ್ಪನೇ ಅನ್ನುತ್ತಿದ್ದ. ಪರಮಶಿವಯ್ಯನ ಹೆಸರಿಗೆ ಯಾರೂ ಮಾತಾಡಲಿಲ್ಲ. ನಂಜಪ್ಪ ಕೂಗಿದ, ತಾನೇ 'ಹಾಜರ್' ಅಂದ. ಪಕ್ಕದಲ್ಲಿದ್ದ ಹೆಂಗಸು ಗೊಳೋ ಎಂದು ಅತ್ತಳು. ನೀಲಮ್ಮ ಸೊಂಟ ಮುಟ್ಟಿಕೊಂಡು, ನೀವೇ ಬಂದು ಹೇಳೀರಂತೆ, ಇರಿ ಅಂದುಕೊಂಡಳು.

ಅಲ್ಲಿಂದ ಮನೆಗೆ ರಾಗಿ ಬಂತು. ಕಮಿಟಿಯ ಹೊಲಿಗೆ ಮನೆಯಲ್ಲಿ ಕೆಲಸ ಸಿಕ್ಕಿತು, ಅತ್ತೆ ಸೊಸೆ ಹಾಸನಕ್ಕೇ ಬಂದರು. ರೇವಮ್ಮ ಎದ್ದು ಕೂತರು. ನೀಲಮ್ಮ ಮಾತ್ರ ದಿನದಿನಕ್ಕೆ ಒಣಗಿದಳು. ಸತ್ತವನ ಹೆಸರಿನ ಅನ್ನ, ಬದುಕಿರುವವನ ಪೂಜೆ! ಬಾಗಿಲು ಹಾಕಿಕೊಂಡು ಲಿಂಗವನ್ನು ಕೈಗೆತ್ತಿಕೊಂಡಾಗೆಲ್ಲ ಕಳ್ಳತನದ ಮಾಲು ಹಿಡಿದವಳಂತೆ ಮತ್ತೊಮ್ಮೆ ಬಾಗಿಲು ನೋಡಿಕೊಳ್ಳುತ್ತಿದ್ದಳು. ಅನ್ನ ತಿಂದದ್ದಕ್ಕೇ ಇವರು ಸತ್ತುಹೋದರೆ ಎಂಬ ಹೆದರಿಕೆ ಒಂದೊಂದು ತುತ್ತಿಗೂ.

ಯುದ್ಧ ಮುಗಿಯಿತು. ಸೆರೆಯಲ್ಲಿದ್ದವರು ಒಬ್ಬೊಬ್ಬರೇ ಬರತೊಡಗಿದರು. ನೀಲಮ್ಮ ರೈಲಿನ ಹೊತ್ತಿಗೆ ಸ್ಟೇಷನ್ನಿಗೆ ಹೋಗಿ ನಿಲ್ಲುತ್ತಿದ್ದಳು. ಯಾರಿಗೆ ಕಾಯ್ತೀಯವ್ವ ಎಂದು ಕೇಳಿದವರಿಗೆ ಏನಂತ ಹೇಳಬೇಕು? ಸಮಾಧಿ ಮಾಡಿದವನಿಗೆ ಅಂತಲೆ? ನೆಂಟರು ಅಂದುಬಿಡುತ್ತಿದ್ದಳು. ಹೀಗೇ ಒಂದು ವರ್ಷ ಹೋಯಿತು.

ನಲವತ್ತಾರರ ನೆನಪಿನ ದಿನ ಮೈದಾನ ತುಂಬಿತ್ತು. ಸೆರೆಯಿಂದ ಬಂದವರೂ ಇದ್ದರು; ಬಟ್ಟೆ ಮೈಮೇಲೆ ನೇತುಹಾಕಿದಂತಿದ್ದ ಜನ. ಕಹಳೆಯಾಯಿತು, ಮೌನವಾಯಿತು. ನಂಜಪ್ಪ ಹೆಸರು ಕೂಗುತ್ತ ಬಂದ.

'ಪರಮಶಿವಯ್ಯ, ಅರಕಲಗೂಡು.'

'ಹಾಜರ್.'

ನಂಜಪ್ಪನ ದನಿಯಲ್ಲ. ಹಿಂದಿನಿಂದ, ಗಂಡಸರ ನಡುವಿನಿಂದ ಬಂದ ಒಡಕು ದನಿ.

ಪದ್ಧತಿ ಏನೆಂದು ನೀಲಮ್ಮನಿಗೆ ಗೊತ್ತಿರಲಿಲ್ಲವೆ? ವರ್ಷವರ್ಷ ಕಂಡಿದ್ದಳು. ಆದರೆ ಕಾದುಕಾದು ಬಿರುಕುಬಿಟ್ಟ ಮನಸ್ಸಿಗೆ ಪದ್ಧತಿ ನೆನಪಾಗುತ್ತದೆಯೆ? ಅವಳು ಧಡಕ್ಕನೆ ಎದ್ದಳು. ಹೆಂಗಸರನ್ನು ತಳ್ಳಿಕೊಂಡು, ಹಗ್ಗ ದಾಟಿ, ಗಂಡಸರ ನಡುವೆ ನುಗ್ಗಿದಳು. ಓಡುತ್ತಲೇ ಸೊಂಟಕ್ಕೆ ಕೈಹಾಕಿ ಗಂಟು ಬಿಚ್ಚಿದಳು. ಎಡಗೈಯಲ್ಲಿ ಲಿಂಗ ಹಿಡಿದು ಚಾಚಿಕೊಂಡು, 'ಇಲ್ಲಿದೆ, ಇಲ್ಲೇ ಇದೆ, ಮಣ್ಣಿಗೆ ಹಾಕ್ಲಿಲ್ಲ ನಾನು, ತಗಳಿ' ಎನ್ನುತ್ತಾ ಬಂದಳು.

ಎದುರಿಗೆ ನಿಂತಿದ್ದವನು ಯಾರೋ. ಹೊಳೆನರಸೀಪುರದ ಸಣ್ಣಯ್ಯ, ಪರಮಶಿವಯ್ಯನ ಗೋದಾಮಿನಲ್ಲೇ ಮೂಟೆ ಹೊರುತ್ತಿದ್ದವನು, ಸೆರೆಯಲ್ಲೂ ಜೊತೆಗಿದ್ದವನು. ಅವನು ಅವಳ ಮುಖ ನೋಡಲಿಲ್ಲ, ಅವಳ ಕೈಯಲ್ಲಿದ್ದದ್ದನ್ನೇ ನೋಡಿದ.

'ಇದೇನಾ?' ಅಂದ. 'ಅಯ್ನೋರು ಕೇಳ್ತಿದ್ದದ್ದು ಇದೇನಾ ತಾಯಿ?'

ನಂಜಪ್ಪ ಕುಂಟುತ್ತ ಬಂದು ಇಬ್ಬರನ್ನೂ ಮರದ ನೆರಳಿಗೆ ಕರೆದುಕೊಂಡು ಹೋದ. ಸೇರಿದ್ದ ಜನವನ್ನು ಬೈದು ಚದುರಿಸಿದ. ಸಣ್ಣಯ್ಯ ನೆಲ ನೋಡುತ್ತಾ ಹೇಳಿದ.

'ಯಾವ್ದೋ ದ್ವೀಪ ತಾಯಿ. ಎಸ್ರೂ ಗೊತ್ತಿಲ್ಲ. ಸಿಂಗಪುರ ಬಿದ್ದ ಮಾರನೇ ಮಳೆಗಾಲ. ಜ್ವರ ಬಂತು, ಭೇದಿ ಬಂತು. ನಾಳೆಗಿಲ್ಲ ಅಂದ್ರು ಎಲ್ರೂ. ಆದ್ರೆ ಪ್ರಾಣ ಓಗ್ಲೇ ಇಲ್ಲ. ಮೈಯಾಗೆ ಏನೂ ಉಳ್ದಿರ್ಲಿಲ್ಲ, ಆದ್ರೂ ಓಗ್ಲಿಲ್ಲ. ಎಡಗೈ ಇಂಗೆ ಚಾಚ್ಕಂಡು ಮಲಗೋರು. ಲಿಂಗ ಇಲ್ದೆ ಎಂಗೋ ಓಗ್ಲಿ ಸಣ್ಣಯ್ಯ, ನನ್ನ ಎಂಡ್ತಿ ತಾವ ಐತೆ, ಕೊಡು ಅನ್ನೋ ಅವಳಿಗೆ, ಬುಟ್ಬುಡು ಅನ್ನೋ, ಅಂತ ನನ್ ಕೈ ಇಡ್ಕಂಡು ಗೋಳಾಡೋರು. ನಾನು ಏನ್ ಮಾಡ್ಲಿ? ನೋಡಕ್ಕಾಗ್ಲಿಲ್ಲ.'

'ಆಮೇಲೆ?' ಅಂದಳು ನೀಲಮ್ಮ.

'ಹೊಳೆದಂಡೇಲಿ ಒಂದು ಕರೀ ಕಲ್ಲು ಸಿಕ್ತು, ನುಣ್ಣಗಿತ್ತು. ತಕ್ಕಂಡು ಕೈಯಾಗಿಟ್ಟೆ. ನಿಮ್ಮ ಲಿಂಗ ಬಂತು ಅಯ್ನೋರೆ, ಅಮ್ಮಾವ್ರು ಕೊಟ್ಟು ಕಳ್ಸವ್ರೆ ಅಂದೆ. ಕಣ್ಣು ಬುಡಕ್ಕೂ ಆಯ್ತಿರ್ಲಿಲ್ಲ. ಬೆರಳು ಮುಚ್ಕಂಡ್ರು. ಕೊಟ್ಳಾ ಅಂದ್ರು. ಅಷ್ಟೇಯ. ನಾನು ಸುಳ್ಳು ಹೇಳ್ದೆ ತಾಯಿ, ತಪ್ಪಾಯ್ತು.'

ನೀಲಮ್ಮ ಅವನ ಕಾಲು ಮುಟ್ಟಲು ಬಗ್ಗಿದಳು. ಅವನು ಹಿಂದೆ ಸರಿದ. ಅವಳ ಲೆಕ್ಕ ಒಂದಿಷ್ಟೂ ತಪ್ಪಿರಲಿಲ್ಲ. ಲಿಂಗ ಇಲ್ಲದೆ ಅವನಿಗೆ ಸಾಯಲಾಗಲಿಲ್ಲ. ಅವಳು ಹಿಡಿದಿಟ್ಟಿದ್ದಳು, ಅವನು ಅಲ್ಲಿ ನರಳಿದ. ಅರಕಲಗೂಡಿನಲ್ಲಿ ಅವಳು ತೂಕದ ಕಲ್ಲನ್ನು ಮಣ್ಣಿಗಿಡುವ ಹೊತ್ತಿಗೆ ಅವನು ಹೋಗಿಯಾಗಿತ್ತು, ಕೈಯಲ್ಲಿ ಹೊಳೆಯ ಕಲ್ಲು ಹಿಡಿದುಕೊಂಡು.

ಮಾರನೆಯ ದಿನ ನಂಜಪ್ಪನ ಗಾಡಿಯಲ್ಲಿ ಅತ್ತೆ ಸೊಸೆ ಅರಕಲಗೂಡಿಗೆ ಹೋದರು. ನೀಲಮ್ಮ ಎಲ್ಲವನ್ನೂ ರೇವಮ್ಮನಿಗೆ ಹೇಳಿದ್ದಳು. ಮುದುಕಿ ಬೈಯಲಿಲ್ಲ. ಬೈದಿದ್ದರೆ ನೀಲಮ್ಮ ಬದುಕಿಕೊಳ್ಳುತ್ತಿದ್ದಳು. ರುದ್ರಭೂಮಿಯ ಹತ್ತಿರ ಗಾಡಿ ನಿಂತಾಗ ಮಾತ್ರ, 'ನನ್ನ ಅನ್ನಕ್ಕೋಸ್ಕರ ಹೂತೆ ಅಂದ್ಕೊಂಡಿದ್ದೆ. ಅವನಿಗೋಸ್ಕರ ಹೂಳಬೇಕಿತ್ತು ಕಣೆ' ಅಂದರು.

ಈಶ್ವರಯ್ಯನವರು ಬಂದು ನಿಂತರು. ಮಣ್ಣು ತೆಗೆಯಲು ಆಳು ಬಂದಿದ್ದ. ನೀಲಮ್ಮ ಅವನನ್ನು ಬಿಡಲಿಲ್ಲ, ತಾನೇ ಗುದ್ದಲಿಯಿಂದ ಅಗೆದಳು. ಕರಡಿಗೆ ಕಪ್ಪಾಗಿತ್ತು. ತೂಕದ ಕಲ್ಲನ್ನು ತೆಗೆದು ಪಕ್ಕಕ್ಕಿಟ್ಟಳು.

ಲಿಂಗವನ್ನು ಕರಡಿಗೆಯೊಳಗೆ ಇಡಬೇಕಿತ್ತು. ಅವಳು ಇಡಲಿಲ್ಲ. ಬಾಗಿಲಲ್ಲಿ ಇಸಕೊಂಡ ಅದೇ ಎಡಗೈಯ ಮೇಲಿಟ್ಟುಕೊಂಡು, ನೆಲಕ್ಕೆ ಮೈಚೆಲ್ಲಿ ಮಲಗಿ, ಆ ಕೈಯನ್ನು ಗುಂಡಿಯೊಳಗೆ ಭುಜದ ತನಕ ಇಳಿಸಿದಳು. ಅಲ್ಲಿ ಯಾರ ಕೈಯೂ ಚಾಚಿರಲಿಲ್ಲ. ತಣ್ಣನೆಯ ಮಣ್ಣಿತ್ತು.

'ತಗಳಿ' ಅಂದಳು. 'ಬಿಟ್ಟಿದೀನಿ. ಇನ್ನು ಹೋಗಿ.'

ಅಂಗೈ ಮಗುಚಬೇಕಿತ್ತು. ಎಷ್ಟು ಹೊತ್ತಾದರೂ ಅವಳಿಂದ ಆಗಲಿಲ್ಲ, ಬೆರಳು ಲಿಂಗದ ಸುತ್ತ ಮುಚ್ಚಿಕೊಂಡಿದ್ದವು. ಕೊನೆಗೆ ರೇವಮ್ಮ ಪಕ್ಕದಲ್ಲಿ ಮಲಗಿ, ತಮ್ಮ ಕೈಯನ್ನೂ ಇಳಿಸಿ, ಸೊಸೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.