ಗೇಟಿನ ಹೊರಗೆ ಕೂತ ಆಂಟಿ

ಮಲೇಷ್ಯಾದ ಪುತ್ರಜಯಾ ಊರಿನ ಆ ಶಿಶುವಿಹಾರವನ್ನು ನಡೆಸುತ್ತಿದ್ದವರು ಮೈಸೂರಿನ ಕಡೆಯವರು. ನಾವೆಲ್ಲ ಅವರನ್ನು ಆಂಟಿ ಎನ್ನುತ್ತಿದ್ದೆವು. ನಾನು ಅಲ್ಲಿ ಸಹಾಯಕಿಯಾಗಿದ್ದೆ. ಯಾರೇ ಬರಲಿ, ಕನ್ನಡಕವನ್ನು ಹಣೆಗೇರಿಸಿ ಅಲ್ಲಿಯವರ ಹಾಗೆ ಮಾತಿನ ಕೊನೆಗೊಂದು 'ಲಾ' ಸೇರಿಸಿ "ಪೇಪರ್ ಫಸ್ಟ್ ಲಾ" ಎಂದು ಕೈ ಚಾಚುವುದು ಅವರ ಅಭ್ಯಾಸ.

ಅದಕ್ಕೆ ಕಾರಣವಿತ್ತು. ಸರ್ಕಾರಿ ನೌಕರರ ಮಕ್ಕಳ ಶುಲ್ಕದಲ್ಲಿ ಒಂದು ಪಾಲನ್ನು ಸರ್ಕಾರ ಕೊಡುತ್ತಿತ್ತು, ನೋಂದಣಿ ಇರುವ ಕೇಂದ್ರಕ್ಕೆ ಮಾತ್ರ. ಲಾಕ್‌ಡೌನ್ ಬಂದ ಮೇಲೆ, ಅಪ್ಪ ಅಮ್ಮ ಇಬ್ಬರೂ ಅಗತ್ಯ ಸೇವೆಯಲ್ಲಿದ್ದಾರೆಂಬ ಪತ್ರವಿಲ್ಲದೆ ಮಗುವನ್ನು ಒಳಗೆ ಬಿಡುವಂತಿರಲಿಲ್ಲ. ತಪ್ಪಿದರೆ ನೋಂದಣಿ ಹೋಗಿ ಎಲ್ಲ ಮಕ್ಕಳ ನೆರವೂ ನಿಲ್ಲಬಹುದಿತ್ತು.

ಒಂದು ಬೆಳಿಗ್ಗೆ ನರ್ಸೊಬ್ಬಳು ಮಗಳನ್ನು ಎತ್ತಿಕೊಂಡು ಬಂದಳು. ಗಂಡನ ಕಚೇರಿಯ ಪತ್ರ ಬಂದಿರಲಿಲ್ಲ. ಕೋವಿಡ್ ವಾರ್ಡಿನಲ್ಲಿ ಅವಳ ಪಾಳಿ ಶುರುವಾಗುವುದರಲ್ಲಿತ್ತು. ಆಂಟಿ ಮಗುವನ್ನು ಒಳಗೆ ಸೇರಿಸಲಿಲ್ಲ. ಪ್ಲಾಸ್ಟಿಕ್ ಕುರ್ಚಿಯೊಂದನ್ನು ಗೇಟಿನ ಹೊರಗೆ ಹಾಕಿಕೊಂಡು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಾಯಿಯನ್ನು ಕೆಲಸಕ್ಕೆ ಕಳಿಸಿದರು.

"ಒಳಗಿನವರನ್ನ ನೀನು ನೋಡ್ಕೋಮ್ಮ. ಇವಳು ನನ್ ಜೊತೆ ಇಲ್ಲೇ ಇರ್ತಾಳೆ," ಅಂದರು ನನಗೆ.

ಹತ್ತು ಗಂಟೆಗೆ ತಪಾಸಣೆಯ ಅಧಿಕಾರಿ ಬಂದ. ಅವನು ಒಳಗಿನ ಮಕ್ಕಳನ್ನೂ ಪತ್ರಗಳನ್ನೂ ತಾಳೆ ನೋಡಿ, ಹೊರಗೆ ಹೋಗಿ ಈ ಮಗು ಯಾರದೆಂದು ಕೇಳಿದ. ಆಂಟಿ ಏನನ್ನೂ ಮುಚ್ಚಿಡದೆ ಹೇಳಿದರು. ಅವನು ನರ್ಸಿನ ಗಂಡನ ಕಚೇರಿಯ ನಂಬರ್ ಕೇಳಿ ಬರೆದುಕೊಂಡ. ಆಮೇಲೆ ಅಲ್ಲಿಗೆ ತಾನೇ ಫೋನ್ ಮಾಡಿದ.

ಊಟದ ಹೊತ್ತಿಗೆ ಪತ್ರ ಆಂಟಿಯ ಮೊಬೈಲಿಗೆ ಬಂತು. ಅದನ್ನು ಎರಡು ಸಲ ಓದಿ, ಮಗುವನ್ನು ನನ್ನ ಕೈಗೆ ಕೊಟ್ಟರು. ಏಳಲು ಹೋದವರು ಮತ್ತೆ ಕೂತರು.

"ಸ್ವಲ್ಪ ತಡಿ," ಅಂದರು. "ಈಗ ನಡುಕ ಬರ್ತಿದೆ."