ಎಡಗೈಗೇ ಕೊಡುತ್ತಿದ್ದ ಶಾರದಕ್ಕ

ಶಾರದಕ್ಕ ನನ್ನ ಮಗಳಿಗೆ ಏನು ಕೊಟ್ಟರೂ ಎಡಗೈಗೇ ಕೊಡುತ್ತಿದ್ದರು. ಬಿಸ್ಕತ್ತಾಗಲಿ, ದೇವರ ಪ್ರಸಾದವಾಗಲಿ. ನಮ್ಮತ್ತೆಗೆ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. "ಪ್ರಸಾದವನ್ನೂ ಎಡಗೈಯಲ್ಲಿ ತಗೊಳ್ಳುದಾ?" ಎಂದರೆ, "ದೇವರ ಹತ್ರ ನಾನು ಮಾತಾಡ್ತೇನೆ ಅಮ್ಮ, ನೀವು ಸುಮ್ಮನಿರಿ" ಎನ್ನುವರು.

ಅವರು ಉಡುಪಿ ಕಡೆಯವರು. ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಎಳೆಗೂಸುಗಳ ವಾರ್ಡಿನ ನರ್ಸು. ನನ್ನ ಮಗಳು ಸಾನ್ವಿ ಹುಟ್ಟಿದಾಗ ಅವಳ ಶ್ವಾಸಕೋಶ ಕೆಲಸ ಮಾಡಲಿಲ್ಲ. ರಕ್ತವನ್ನು ಹೊರಗೆ ತೆಗೆದು, ಆಮ್ಲಜನಕ ಸೇರಿಸಿ ವಾಪಸು ಕಳಿಸುವ ಯಂತ್ರಕ್ಕೆ ಹಾಕಬೇಕೆಂದು ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿ ಕಾಗದ ಮುಂದಿಟ್ಟರು. ಗಂಡ ಡಾಕ್ಟರ ಮುಖ, ನಾನು ಗಂಡನ ಮುಖ ನೋಡುತ್ತ ಕೂತೆವು. ಆಗ ಶಾರದಕ್ಕ ಸ್ಟೂಲು ಎಳೆದು ನನ್ನ ಪಕ್ಕ ಕೂತರು.

"ನೋಡು ಮಾರಾಯ್ತಿ, ಕುತ್ತಿಗೆಯ ಬಲಬದಿಯ ಎರಡು ರಕ್ತನಾಳಕ್ಕೆ ಪೈಪು ಹಾಕ್ತಾರೆ. ಆ ನಾಳಗಳನ್ನು ಕಟ್ಟಿಬಿಡ್ತಾರೆ, ಮತ್ತೆ ಬಿಚ್ಚುದಿಲ್ಲ. ಮಿದುಳಿಗೆ ಎಡಬದಿಯಿಂದ ರಕ್ತ ಹೋಗ್ತದೆ. ಸುಮಾರು ಮಕ್ಕಳಿಗೆ ಅದು ಸಾಕಾಗ್ತದೆ. ನಿನ್ನ ಮಗುವಿಗೆ ಸಾಕಾಗ್ತದಾ ಅಂತ ನಂಗೆ ಗೊತ್ತಿಲ್ಲ. ಸುಳ್ಳು ಹೇಳುದಿಲ್ಲ."

ಸಹಿ ಹಾಕಿದೆವು. ಮಗು ಉಳಿಯಿತು.

ಹತ್ತನೆಯ ತಿಂಗಳಲ್ಲಿ ತಪಾಸಣೆಗೆ ಹೋದಾಗ ಶಾರದಕ್ಕ ಬಿಸ್ಕತ್ತನ್ನು ಅವಳ ಎಡಬದಿಗೆ ಹಿಡಿದರು. ಮಗು ಮೈ ತಿರುಗಿಸಿ ಬಲಗೈಯಲ್ಲೇ ತೆಗೆದುಕೊಂಡಿತು. "ನೋಡಿ ಶಾರದಕ್ಕ, ಎಡಗೈ ಚಾಚುದೇ ಇಲ್ಲ! ಅತ್ತೆ ಕಲಿಸಿದ್ದು" ಎಂದು ಬೀಗಿದೆ. ಅವರು ನಗಲಿಲ್ಲ. ಮಗುವಿನ ಬಲಗೈಯನ್ನು ಮೆಲ್ಲಗೆ ಹಿಡಿದುಕೊಂಡು ಮತ್ತೆ ಬಿಸ್ಕತ್ತು ತೋರಿಸಿದರು. ಎಡಗೈ ಮಡಿಲಲ್ಲೇ ಇತ್ತು, ಹೆಬ್ಬೆರಳು ಮುಷ್ಟಿಯೊಳಗೆ. ಮಗು ಅಳತೊಡಗಿತು.

"ಕಲಿಸಿದ್ದಲ್ಲ ಮಾರಾಯ್ತಿ. ಅವಳಿಗೆ ಆಗುದಿಲ್ಲ. ಎಡಗೈಯನ್ನು ಆಡಿಸುದು ಮಿದುಳಿನ ಬಲಬದಿ, ಅಲ್ಲಿಗೆ ರಕ್ತ ಸಾಕಾಗ್ಲಿಲ್ಲ ಕಾಣ್ತದೆ."

ಮಿದುಳಿಗೆ ಬಿದ್ದ ಪೆಟ್ಟನ್ನು ನಾವು ಒಳ್ಳೆಯ ನಡತೆಯೆಂದು ಊರಿಗೆಲ್ಲ ಹೇಳಿಕೊಂಡು ಮೆರೆದಿದ್ದೆವು. ಆ ಸಿಟ್ಟನ್ನು ಅವರ ಮೇಲೆ ತೀರಿಸಿಕೊಂಡೆ. ನೀವೇ ಸಹಿ ಹಾಕಿಸಿದ್ದು, ನನ್ನ ಮಗಳ ಕೈ ಹಾಳುಮಾಡಿದಿರಿ ಎಂದು ಬಾಯಿಗೆ ಬಂದಂತೆ ಬೈದೆ. ಥೂ, ಈಗ ನೆನೆದರೆ ನಾಚಿಕೆಯಾಗುತ್ತದೆ. ಪೂರ್ತಿ ಕೇಳಿಸಿಕೊಂಡು, "ಬೈ. ಆದರೆ ನಾಳೆಯಿಂದ ಕೆಲಸ ಉಂಟು" ಎಂದರು.

ಎಂಟು ವರ್ಷ, ಭಾನುವಾರ ತಪ್ಪಿಸದೆ, ಅಂಧೇರಿಯಿಂದ ಲೋಕಲ್ ಹತ್ತಿ ವಡಾಲದ ನಮ್ಮ ಮನೆಗೆ ಬಂದರು. ಸಾನ್ವಿಯ ಬಲಗೈಗೆ ಕಾಲುಚೀಲ ತೊಡಿಸಿ ಎಡಗೈಯಿಂದ ಹುರಿಗಡಲೆ ಹೆಕ್ಕಿಸುವರು. ಹಿಡಿಯುವುದು ಅವಳಿಗೆ ಹೇಗೋ ಬಂತು. ಹಿಡಿದದ್ದನ್ನು ಬಿಡಲು ಬೆರಳು ಬಿಚ್ಚುತ್ತಿರಲಿಲ್ಲ. ನಾನು ತಾಳ್ಮೆಗೆಟ್ಟು ಬಿಡಿಸಲು ಹೋದರೆ ನನ್ನ ಕೈಗೆ ಪಟ್ಟೆಂದು ಹೊಡೆಯುವರು. "ಬಿಡು ಮಗಾ. ಅವಸರ ಇಲ್ಲ" ಎಂದು ಅವಳಿಗೆ ಹೇಳುತ್ತ ಕಾಯುವರು. ಕೆಲವು ಸಲ ಚಹಾ ಆರಿಹೋಗುತ್ತಿತ್ತು.

ಕಳೆದ ತಿಂಗಳು ಶಾರದಕ್ಕ ಹೃದಯಾಘಾತದಿಂದ ತೀರಿಕೊಂಡರು. ನಾವು ಹೋಗುವಷ್ಟರಲ್ಲಿ ಅವರ ಬಿಲ್ಡಿಂಗಿನ ಕೆಳಗೆ ಚಟ್ಟದ ಮೇಲೆ ಮಲಗಿಸಿದ್ದರು. ಒಂಬತ್ತು ವರ್ಷದ ಸಾನ್ವಿ ಸೇವಂತಿಗೆಯೊಂದನ್ನು ಎಡಗೈಯಲ್ಲಿ ಹಿಡಿದುಕೊಂಡಳು.

"ಬಲಗೈ, ಬಲಗೈ!" ಎಂದರು ಯಾರೋ.

"ಅವರಿಗೆ ಎಡಗೈಯೇ ಆಗಬೇಕು" ಎಂದರು ನಮ್ಮತ್ತೆ.

ಸಾನ್ವಿ ಶಾರದಕ್ಕನ ಎದೆಯ ಮೇಲೆ ಕೈ ಚಾಚಿ ನಿಂತಳು. ಬೆರಳು ಬಿಚ್ಚಲಿಲ್ಲ. "ಅಮ್ಮಾ, ಖುಲ್ ನಹೀ ರಹಾ, ಬಿಚ್ಚುದೇ ಇಲ್ಲ" ಎಂದು ಅತ್ತಳು.

"ಬಿಡು ಮಗಾ. ಅವಸರ ಇಲ್ಲ" ಎಂದೆ.

ಹೊರುವವರಿಗೆ ಅವಸರವಿತ್ತು. ಎತ್ತಿಕೊಂಡು ಹೋದರು. ಹೂವು ಅವಳ ಮುಷ್ಟಿಯಲ್ಲೇ ಇತ್ತು.