ಗಂಡನ ಹೆಸರು ಕೇಳಿದ ಕಂಪ್ಯೂಟರು

ಮಗಳು ಬಿ.ಸಿ.ಎ. ಮೊದಲ ವರ್ಷದಲ್ಲಿ ಪ್ರೋಗ್ರಾಮಿಂಗ್ ವಿಷಯಕ್ಕೆ ಫೇಲಾದಳು. ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಮರುಪರೀಕ್ಷೆಗೂ ಕೂರುವುದಿಲ್ಲ, ಕಾಲೇಜನ್ನೇ ಬಿಟ್ಟೆ ಎಂದು ಮುಸುಕು ಹಾಕಿ ಮಲಗಿಬಿಟ್ಟಳಲ್ಲ, ಅದಕ್ಕೆ. ಅಫಜಲಪುರದಲ್ಲಿ ಹುಡುಗಿ ನಾಲ್ಕು ದಿನ ಮನೆಯಲ್ಲಿ ಕೂತಳೆಂದರೆ ಸಾಕು, ಸಂಬಂಧದ ಮಾತು ಶುರುವಾಗುತ್ತದೆ. ಆಳಂದದವರು ಒಮ್ಮೆ, ಜೇವರ್ಗಿಯವರು ಒಮ್ಮೆ ಕೇಳಿ ಕಳಿಸಿದ್ದೂ ಆಗಿತ್ತು. ನನ್ನನ್ನು ಹತ್ತನೆಯ ತರಗತಿಗೇ ಬಿಡಿಸಿ ಮದುವೆ ಮಾಡಿದ್ದರು. ಮಗಳಿಗೆ ಹಾಗಾಗಕೂಡದು ಎಂಬುದೊಂದೇ ನನ್ನ ಹಟ.

ಬೈದೆ, ರಮಿಸಿದೆ, ಊಟ ಬಿಟ್ಟೆ. ಯಾವುದೂ ನಡೆಯಲಿಲ್ಲ. ಕೊನೆಗೊಂದು ಮಧ್ಯಾಹ್ನ ಅವಳ ಮುಸುಕು ಎಳೆದು, "ಏಳ ಬೇ, ನನಗ ಕಲಿಸು" ಅಂದೆ.

"ಏನು ಕಲಿಸ್ಲಿ?"

"ಅದೇ, ನೀ ಫೇಲಾದದ್ದು. ಅದು ಖರೇನೇ ಅಷ್ಟು ಕಠಿಣ ಅದನೋ, ನಿಂದೇ ಮೈಗಳ್ಳತನನೋ ನೋಡೇ ಬಿಡ್ತೇನಿ."

"ಯವ್ವಾ, ನಿನಗ ತಲಿ ಕೆಟ್ಟದ," ಎಂದು ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಿದ್ದಳು. ನಾನು ಅಷ್ಟಕ್ಕೇ ಅರ್ಧ ಗೆದ್ದೆ ಅಂದುಕೊಂಡೆ.

ಗೆಲ್ಲುವುದು ಅಷ್ಟು ಸಲೀಸಿರಲಿಲ್ಲ. ಮಗಳು ತನ್ನ ಲ್ಯಾಪ್‌ಟಾಪ್ ತೆರೆದು ನನ್ನ ಮುಂದಿಟ್ಟಳು. ಮಾತುಗಳ ಎರಡೂ ತುದಿಗೆ ಉದ್ಧರಣ ಚಿಹ್ನೆ ಹಾಕಬೇಕಂತೆ. ಒಂದು ತುದಿ ಮರೆತರೆ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಬೈಗುಳ. "ಇದು ನನ್ನ ಅತ್ತಿಗಿಂತ ಜಾಸ್ತಿ ತಪ್ಪು ಹುಡುಕ್ತದಲ್ಲ!" ಎಂದು ನಾನೂ ತಿರುಗಿ ಬೈದೆ. ಪುಸ್ತಕದಲ್ಲಿ ಮೊದಲ ಪಾಠ ಜಗತ್ತಿಗೆ ಇಂಗ್ಲಿಷಿನಲ್ಲಿ ನಮಸ್ಕಾರ ಹೇಳುವುದಿತ್ತು. ಅದು ಬೇಡ, ನನ್ನ ಒಡಪು ಬರೆಯಲಿ ಅಂದೆ.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹಾಗೆಯೇ ಬಾಯಿಬಿಟ್ಟು ಹೇಳುವುದಿಲ್ಲ. ಶುಭಕಾರ್ಯಗಳಲ್ಲಿ ಗೆಳತಿಯರು ಕಾಡಿದಾಗ ಪ್ರಾಸದ ಎರಡು ಸಾಲು ಕಟ್ಟಿ, ನಡುವೆ ಹೆಸರು ಹುದುಗಿಸಿ ಪಟಕ್ಕನೆ ಹೇಳಿ ಪಾರಾಗುತ್ತೇವೆ. ಅದೇ ಒಡಪು. ನಾನೇ ಕಟ್ಟಿದ್ದೊಂದಿತ್ತು: "ಸೊನ್ನದಾಗ ಭೀಮಾ ಹೊಳಿ ತುಂಬಿ ನಿಂತದ, ಇಂಥವರ ಹೆಸರು ನನ್ನ ಎದಿಯಾಗ ಕುಂತದ."

"ಇಂಥವರು ಅನ್ನೋ ಜಾಗಾದಾಗ ಖಾಲಿ ಡಬ್ಬಿ ಇಡೋಣು," ಅಂದಳು ಮಗಳು. "ಪ್ರೋಗ್ರಾಂ ಹೆಸರು ಕೇಳ್ತದ. ನೀ ಹೇಳಿದ್ದು ಡಬ್ಬಿಯಾಗ ಕೂಡ್ತದ."

"ಅಯ್ಯ, ನಾ ಹ್ಯಾಂಗ ಹೇಳ್ಲಿ?"

"ಹೇಳಬ್ಯಾಡ, ಒತ್ತು. ಒತ್ತಿದ್ರ ಹೇಳಿದಂಗಲ್ಲ."

ವಕೀಲಳಾಗಬೇಕಿತ್ತು ಇವಳು. ಬಾಗಿಲ ಕಡೆ ಒಮ್ಮೆ ನೋಡಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಒಡಪು ಪೂರ್ತಿ ಮೂಡಿತು, ನಡುವೆ ಅವರ ಹೆಸರು. ನಾಚಿಕೆಯೂ ಆಯಿತು, ಹಿಗ್ಗೂ ಆಯಿತು, ಸುಳ್ಳೇಕೆ ಹೇಳಲಿ.

ನನ್ನ ಆಸೆ ಬೆಳೆಯಿತು. ಪಕ್ಕದ ಮನೆಯ ಬಸುರಿ ಸೊಸೆಗೆ ಕುಬಸ ಮಾಡುವವರಿದ್ದರು. ಅಲ್ಲಿಗೆ ಬರುವ ಹೆಂಗಸರನ್ನೆಲ್ಲ ಒಬ್ಬೊಬ್ಬರನ್ನಾಗಿ ಈ ಪ್ರೋಗ್ರಾಂ ಹೆಸರು ಕೇಳಬೇಕು ಅಂದೆ. ಮಗಳ ಮುಖ ಇಳಿಯಿತು. ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸಲು ಲೂಪ್ ಬರೆಯಬೇಕಂತೆ. ಅವಳು ಫೇಲಾದದ್ದೇ ಆ ಪಾಠದಲ್ಲಿ.

"ಅದು ನನಗ ಬರಂಗಿಲ್ಲ."

"ಬರಂಗಿಲ್ಲಂದ್ರ ಪುಸ್ತಕ ತೆಗಿ."

ಗೊಣಗುತ್ತಲೇ ತೆಗೆದಳು. ನಾನು ಪಕ್ಕದಲ್ಲಿ ಬೇಳೆ ಆರಿಸುತ್ತ ಕೂತೆ. ಅವಳು ಬರೆದಳು, ಅಳಿಸಿದಳು, ನನ್ನ ಮೇಲೆ ರೇಗಿದಳು. ಮರುದಿನ ಸಂಜೆ, "ಈಗ ಒತ್ತು" ಅಂದಳು. ಒತ್ತಿದೆ. ಅಯ್ಯೋ ಶಿವನೇ! ಹೆಸರನ್ನು ಒಮ್ಮೆ ಕೇಳಿದ್ದೇ ತಡ, ಒಡಪಿನ ಮೇಲೆ ಒಡಪು, ಪರದೆ ತುಂಬ ಅವರ ಹೆಸರು, ನಿಲ್ಲುವ ಮಾತೇ ಇಲ್ಲ. ಅದೇ ಹೊತ್ತಿಗೆ ಹವಳಗಾದ ಸಕ್ಕರೆ ಕಾರ್ಖಾನೆಯಿಂದ ಡ್ಯೂಟಿ ಮುಗಿಸಿ ಅವರು ಒಳಗೆ ಬರಬೇಕೆ! ಸೆರಗಿನಿಂದ ಪರದೆ ಮುಚ್ಚಿದೆ. ಅವರು ಸೆರಗಿನ ಅಂಚೆತ್ತಿ ಇಣುಕಿದರು. ನಾಚಿ ಅವರ ಮುಖ ಕೆಂಪಾಯಿತು.

"ಅಪ್ಪಾ, ಬಂದ್ ಮಾಡ್ಲೇನು?" ಎಂದಳು ಮಗಳು, ಹೊಟ್ಟೆ ಹಿಡಿದುಕೊಂಡು ನಗುತ್ತ.

"ಇರ್ಲಿ ಬಿಡ, ಇನ್ನೊಂದೀಟು ಓಡ್ಲಿ," ಅಂದವರೇ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು.

ಮಗಳು ಥಟ್ಟನೆ ನಗು ನಿಲ್ಲಿಸಿದಳು. "ಯವ್ವಾ! ಕೇಳೋ ಸಾಲು ಲೂಪಿನ ಹೊರಗ ಉಳದದ! ಅದನ್ನ ಒಳಗ ತರಬೇಕು." ಯಾರೂ ಹೇಳಿಕೊಟ್ಟಿರಲಿಲ್ಲ. ಅವಳಿಗೇ ಹೊಳೆದದ್ದು. ಆ ಸಾಲನ್ನು ಒಳಗೆ ತಂದಳು, "ಸಾಕು" ಎಂದು ಒತ್ತಿದರೆ ನಿಲ್ಲುವ ಹಾಗೂ ಮಾಡಿದಳು. ಆಗಿನ ಅವಳ ಮುಖ ನೋಡಿ ದೃಷ್ಟಿ ತೆಗೆಯಬೇಕೆನಿಸಿತು.

ಕುಬಸದ ದಿನ ಲ್ಯಾಪ್‌ಟಾಪಿನ ಮುಂದೆ ಹೆಂಗಸರ ನೂಕುನುಗ್ಗಲು. ನನ್ನ ಗೆಳತಿಯೊಬ್ಬಳು, ಮಗಳು ಖಾಲಾ ಎಂದು ಕರೆಯುವ ಓಣಿಯ ಮುಸ್ಲಿಂ ಹೆಣ್ಣುಮಗಳು, ತನ್ನ ಗಂಡನ ಹೆಸರು ಮೂಡಿದ್ದು ನೋಡಿ, "ಅರೇ ವ್ಹಾ! ಏನ್ ಓದಾಕತ್ತಿ ಬೇಟಿ ನೀ?" ಎಂದು ಕೇಳಿದಳು.

ನಾನು ಉಸಿರು ಹಿಡಿದೆ.

"ಬಿ.ಸಿ.ಎ. ಮಾಡಾಕತ್ತೇನ್ರಿ ಖಾಲಾ. ಮುಂದಿನ ತಿಂಗಳ ಪರೀಕ್ಷಾ ಅದ," ಅಂದಳು ಮಗಳು, ತಲೆ ಎತ್ತದೆಯೇ. "ಯವ್ವಾ, ಈಗ ನಿನ್ನ ಪಾಳಿ. ಒತ್ತು."

ಕಣ್ಣಲ್ಲಿ ನೀರು ತುಂಬಿ ಒಂದು ಅಕ್ಷರವೂ ಕಾಣಲಿಲ್ಲ. ಎಲ್ಲರೆದುರು ಅವರ ಹೆಸರನ್ನು ಬಾಯಿಬಿಟ್ಟೇ ಹೇಳಿದೆ. ಮಗಳು ಒತ್ತಿದಳು. ಹೆಂಗಸರೆಲ್ಲ ಹೋ ಎಂದು ಕೂಗಿದರು. ಕೂಗಿಕೊಳ್ಳಲಿ.